ಗ್ರಿಟ್ಸ್: ಬೀಸುಕಲ್ಲಿನದೋ, ಐದು ನಿಮಿಷದ್ದೋ?

ಅಮೆರಿಕದ ದಕ್ಷಿಣ ರಾಜ್ಯಗಳ ಬೆಳಗಿನ ತಿಂಡಿಯಾದ ಗ್ರಿಟ್ಸ್ ಎಂದರೆ ಒಣಗಿದ ಗೋವಿನಜೋಳವನ್ನು, ಅಂದರೆ ಮೈಸೂರು ಸೀಮೆಯವರು ಮುಸುಕಿನ ಜೋಳ ಎನ್ನುವುದನ್ನು, ನುಚ್ಚಾಗಿ ಒಡೆದು ಗಂಜಿಗಿಂತ ಗಟ್ಟಿಯಾಗಿ, ಮುದ್ದೆಗಿಂತ ಸಡಿಲವಾಗಿ ಬೇಯಿಸಿದ ಅಡುಗೆ. ಜಾರ್ಜಿಯ ರಾಜ್ಯವು 2002ರಲ್ಲಿ ಇದನ್ನು ತನ್ನ ಅಧಿಕೃತ ಸಿದ್ಧ ತಿನಿಸೆಂದು ಘೋಷಿಸಿತು. ಬಿಳಿಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಂಡು ಬೆಳೆದ ನನಗೆ, ಆ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ ಮೊದಲು ಆಪ್ತವೆನಿಸಿದ ಊಟವೇ ಇದು. ಅಂಗಡಿಯಲ್ಲಿ ಸಿಗುವ ಮೂರು ಬಗೆಗಳಲ್ಲಿ ಮನೆಗೆ ಯಾವುದು ತಕ್ಕದ್ದೆಂದು ತಿಳಿಯಲು, ಒಂದೇ ಅಳತೆಯ ಉಪ್ಪು ಮತ್ತು ಬೆಣ್ಣೆ ಬಳಸಿ ಮೂರು ಭಾನುವಾರ ಬೇಯಿಸಿ ನೋಡಿದೆ.

ಕುದಿಯುವ ನೀರು ಸುರಿದೊಡನೆ ಸಿದ್ಧವಾಗುವ ‘ಇನ್‌ಸ್ಟಂಟ್’ ಪೊಟ್ಟಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲೇ ಬೇಯಿಸಿ ಒಣಗಿಸಿದ್ದಾದ್ದರಿಂದ ಅದು ಅಂಟಂಟಾಗುತ್ತದೆ, ನುಚ್ಚು ನಾಲಿಗೆಗೆ ತಾಕುವುದೇ ಇಲ್ಲ.

‘ಕ್ವಿಕ್’ ಗ್ರಿಟ್ಸ್ ಹಾಗಲ್ಲ. ಕಾಳಿನ ಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ತೆಗೆದು ಸಣ್ಣಗೆ ಒಡೆದಿರುವುದರಿಂದ ಅದು ಐದು ನಿಮಿಷದಲ್ಲಿ ಬೇಯುತ್ತದೆಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ; ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಟ್ಟಾಗ ಮಾತ್ರ ನನಗೆ ಅದರ ಹಸಿವಾಸನೆ ಹೋಯಿತು. ಕಾಳಿಗೆ ತನ್ನದೇ ರುಚಿ ಕಡಿಮೆಯಾದ್ದರಿಂದ ಅರ್ಧ ಹಾಲು, ಅರ್ಧ ನೀರು ಹಾಕುವುದು ಇದಕ್ಕೆ ಒಪ್ಪುತ್ತದೆ. ಇದರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಮೆರಿಕದ ಮೂಲನಿವಾಸಿಗಳು ಗೋವಿನಜೋಳವನ್ನು ಬೂದಿ ಅಥವಾ ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದುದರಿಂದ ಅದರಲ್ಲಿನ ನಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ದಕ್ಕುತ್ತಿತ್ತು. ಆ ಕ್ರಮ ಬಿಟ್ಟುಹೋಗಿ, ಯಂತ್ರದಲ್ಲಿ ಮೊಳಕೆ ತೆಗೆದ ಜೋಳವನ್ನೇ ನೆಚ್ಚಿಕೊಂಡ ದಕ್ಷಿಣದ ಬಡವರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಕಾಡಿತು. ಅದು ಅಂಟುರೋಗವಲ್ಲ, ಆಹಾರದ ಕೊರತೆಯೆಂದು 1914ರಿಂದ ಅಧ್ಯಯನ ನಡೆಸಿ ತೋರಿಸಿಕೊಟ್ಟವರು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್. ಇಂದಿನ ಕ್ವಿಕ್ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ನಯಾಸಿನ್ ಮತ್ತು ಕಬ್ಬಿಣಾಂಶ ಸೇರಿಸಿರುತ್ತಾರೆ. ಬೀಸುಕಲ್ಲಿನ ನುಚ್ಚಿನಲ್ಲಿ ಹಾಗೆ ಸೇರಿಸಿರುವುದು ಅಪರೂಪ.

ಆದರೂ ನನ್ನ ಮನಸ್ಸು ಒಲಿದಿರುವುದು ಬೀಸುಕಲ್ಲಿನ ನುಚ್ಚಿಗೇ. ಮೊಳಕೆಯ ಎಣ್ಣೆ ಅದರಲ್ಲೇ ಉಳಿದಿರುವುದರಿಂದ, ಪಾತ್ರೆ ಕುದಿಯತೊಡಗಿದಾಗ ಸುಟ್ಟ ತೆನೆಯನ್ನು ನೆನಪಿಸುವ ಪರಿಮಳ ಮನೆ ತುಂಬುತ್ತದೆ. ಮೊದಲ ಸಲ ನೆನೆಸದೆ ಬೇಯಿಸಿದಾಗ ಒಂದೂಕಾಲು ಗಂಟೆ ಹಿಡಿಯಿತು, ನಡುನಡುವೆ ಕಾಳು ಗಟ್ಟಿಯಾಗಿಯೇ ಉಳಿದಿತ್ತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೇಲೆ ತೇಲಿದ ಹೊಟ್ಟನ್ನು ಜಾಲರಿಯಿಂದ ತೆಗೆದು, ಒಂದು ಬಟ್ಟಲಿಗೆ ನಾಲ್ಕು ಬಟ್ಟಲು ನೀರಿಟ್ಟು ಬೇಯಿಸಿದಾಗ ಐವತ್ತು ನಿಮಿಷದಲ್ಲಿ ಹದಕ್ಕೆ ಬಂತು. ಉಪ್ಪನ್ನು ಆರಂಭದಲ್ಲೇ ಹಾಕಬೇಕು, ಏಕೆಂದರೆ ಕಾಳು ನೀರು ಹೀರುವಾಗಲೇ ಉಪ್ಪನ್ನೂ ಹೀರಬೇಕು; ಕೊನೆಯಲ್ಲಿ ಹಾಕಿದರೆ ಅದು ಮೇಲುಮೇಲೆ ಉಳಿಯುತ್ತದೆ. ಹಾಲನ್ನು ಮಾತ್ರ ಕಡೆಯ ಹತ್ತು ನಿಮಿಷದಲ್ಲಿ ಸೇರಿಸುವುದು ಒಳ್ಳೆಯದು, ಮೊದಲೇ ಸೇರಿಸಿದರೆ ತಳ ಹಿಡಿಯುತ್ತದೆ.

ಅನ್ನದಂತೆ ಕುಕ್ಕರಿನ ಒಳಪಾತ್ರೆಯಲ್ಲಿಟ್ಟೂ ಬೇಯಿಸಿದೆ. ತಿರುವುವ ಅವಕಾಶವಿಲ್ಲದ್ದರಿಂದ ನುಚ್ಚು ಕೆಳಗೆ ಗಟ್ಟಿಯಾಗಿ ಕೂತು, ತಿಳಿನೀರು ಮೇಲೆ ನಿಂತಿತ್ತು. ಮತ್ತೆ ಒಲೆಯ ಮೇಲಿಟ್ಟು ಐದು ನಿಮಿಷ ಕಡೆದಾಗ ಹೊಂದಿಕೊಂಡಿತಾದರೂ ತೆರೆದ ಪಾತ್ರೆಯಲ್ಲಿ ಬೆಂದದ್ದರ ನುಣುಪು ಬರಲಿಲ್ಲ. ಕೆಲಸಕ್ಕೆ ಹೊರಡುವ ದಿನಗಳಲ್ಲಿ ಕುಕ್ಕರಿಗಿಂತ ಕ್ವಿಕ್ ಪೊಟ್ಟಣವೇ ಮೇಲು ಎಂಬುದು ನನ್ನ ತೀರ್ಮಾನ.

ಬೀಸುಕಲ್ಲಿನದನ್ನು ಕೊಳ್ಳುವವರು ಅದನ್ನು ಫ್ರಿಜ್ಜಿನಲ್ಲಿಡಬೇಕು, ಹೊರಗಿಟ್ಟರೆ ಎಣ್ಣೆಯ ಅಂಶ ಕಮಟು ಹಿಡಿಯುತ್ತದೆ. ಉಳಿದ ಗ್ರಿಟ್ಸನ್ನು ತಟ್ಟೆಗೆ ಹರವಿ ತಣಿಸಿ, ಮರುದಿನ ಹೋಳು ಮಾಡಿ ಹುರಿಯುವುದು ದಕ್ಷಿಣದ ಮನೆಗಳಲ್ಲಿ ವಾಡಿಕೆ. ಕ್ವಿಕ್ ಬಗೆಯ ಹೋಳುಗಳು ನನ್ನ ಕಬ್ಬಿಣದ ಹಂಚಿಗೆ ಅಂಟಿಕೊಂಡು ಒಡೆದವು. ಬೀಸುಕಲ್ಲಿನವು ಅಂಚಿನಲ್ಲಿ ಗರಿಯಾಗಿ, ಒಳಗೆ ಮೆತ್ತಗೆ ಉಳಿದು, ಶೇಂಗಾ ಚಟ್ನಿಪುಡಿಯೊಂದಿಗೆ ಚೆನ್ನಾಗಿ ಹೊಂದಿದವು.