4 ಟಿಬಿ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ಬೂಟ್ ಆಗದಿದ್ದರೆ: ಮೂರು ದಾರಿಗಳ ಹೋಲಿಕೆ

ಲಗ್ನದ ಸೀಸನ್ ಮುಗಿಯುವಷ್ಟರಲ್ಲಿ ದಾವಣಗೆರೆಯ ಸ್ಟುಡಿಯೋಗಳಲ್ಲಿ 1 ಟಿಬಿ ಡಿಸ್ಕ್ ವಿಡಿಯೋದಿಂದ ತುಂಬಿರುತ್ತದೆ. 4 ಟಿಬಿ ಡಿಸ್ಕ್ ತಂದು ಹಳೆಯದನ್ನು ಇದ್ದ ಹಾಗೇ ಕ್ಲೋನ್ ಮಾಡುತ್ತಾರೆ. ವಿಂಡೋಸ್ ಏನೋ ಏಳುತ್ತದೆ, ಆದರೆ ಸುಮಾರು 1678 ಜಿಬಿ ಬಳಕೆಗೆ ಸಿಗುವುದಿಲ್ಲ. ಅದನ್ನು ಪಡೆಯಲು ಯಾವುದೋ ಟೂಲ್‌ನಿಂದ ಜಿಪಿಟಿಗೆ (ಡಿಸ್ಕ್‌ನ ಪಾರ್ಟಿಶನ್‌ಗಳ ಪಟ್ಟಿ ಇಡುವ ಹೊಸ ಪದ್ಧತಿ) ಬದಲಿಸಿದರೆ ಬೂಟೇ ನಿಂತುಹೋಗುತ್ತದೆ.

ಅದೇ ಪಟ್ಟಿಯ ಹಳೆಯ ಪದ್ಧತಿಯಾದ ಎಂಬಿಆರ್, ಡಿಸ್ಕ್‌ನ ಸೆಕ್ಟರ್‌ಗಳನ್ನು (ಚಿಕ್ಕ ತುಂಡುಗಳನ್ನು) 32 ಬಿಟ್‌ನಲ್ಲಿ ಎಣಿಸುತ್ತದೆ. ಸೆಕ್ಟರ್‌ಗೆ 512 ಬೈಟ್ ಎಂದರೆ 2048 ಜಿಬಿಗೆ ಲೆಕ್ಕ ಮುಗಿಯಿತು. ಅದರಾಚೆಗೆ ಜಿಪಿಟಿ ಬೇಕು. ಜಿಪಿಟಿ ಡಿಸ್ಕ್‌ನಿಂದ ವಿಂಡೋಸ್ ಏಳಲು ಯುಇಎಫ್‌ಐ (ಕಂಪ್ಯೂಟರನ್ನು ಎಬ್ಬಿಸುವ ಬೋರ್ಡ್‌ನ ಹೊಸ ತಂತ್ರಾಂಶ; ಹಳೆಯದು ಬಯಾಸ್) ಬೇಕೇ ಬೇಕು.

ಮೊದಲ ದಾರಿ: ಯುಇಎಫ್‌ಐ ಇರುವ ಬೋರ್ಡ್‌ಗೆ ವಿಂಡೋಸ್‌ನದೇ ಟೂಲ್ ಎಂಬಿಆರ್‌ಟುಜಿಪಿಟಿ ಸಾಕು. ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುತ್ತದೆ, ಡೇಟಾ ಅಳಿಸುವುದಿಲ್ಲ (ಆದರೂ ಒಂದು ಪ್ರತಿ ಬೇರೆಡೆ ಇರಲಿ). ಮೊದಲು ವ್ಯಾಲಿಡೇಟ್ (ಪರೀಕ್ಷೆ), ಅದು ಪಾಸಾದರೆ ಮಾತ್ರ ಕನ್ವರ್ಟ್. ನಮ್ಮ ಕಡೆ ಫೇಲ್ ಆಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಸಿ, ಡಿ, ಇ, ಎಫ್ ಎಂದು ಡ್ರೈವ್ ಹಂಚಿ ಎಕ್ಸ್‌ಟೆಂಡೆಡ್ ಪಾರ್ಟಿಶನ್ (ಒಳಗೆ ಹಲವು ಡ್ರೈವ್ ಹಿಡಿಸುವ ಪಾರ್ಟಿಶನ್) ಮಾಡಿರುತ್ತಾರೆ. ಪ್ರೈಮರಿ (ನೇರ) ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು. ಕನ್ವರ್ಟ್ ಆದ ಕೂಡಲೇ ಬೋರ್ಡ್‌ನ ಸೆಟಪ್‌ಗೆ ಹೋಗಿ ಬೂಟ್ ವಿಧಾನವನ್ನು ಲೆಗಸಿಯಿಂದ (ಹಳೆಯ ಬಯಾಸ್ ರೀತಿ) ಯುಇಎಫ್‌ಐಗೆ ಬದಲಿಸಿ, ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಬೇಕು. ಸಿಎಸ್‌ಎಂ (ಬಯಾಸ್ ರೀತಿಯನ್ನು ಅನುಕರಿಸುವ ಆಯ್ಕೆ) ಆಫ್ ಮಾಡಿದ ಮೇಲೆ ಪರದೆಯೇ ಬರದಿದ್ದರೆ ಡಿಸ್ಕ್ ಮೇಲೆ ಸಿಟ್ಟು ಬೇಡ. ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಯುಇಎಫ್‌ಐ ಗೊತ್ತಿಲ್ಲ, ಅಷ್ಟೇ.

ಬರೀ ಬಯಾಸ್ ಇರುವ ಹಳೆಯ ಬೋರ್ಡ್‌ಗೆ ನಮ್ಮ ಮತ ಎರಡನೆಯ ದಾರಿಗೆ: 256 ಜಿಬಿ ಎಸ್‌ಎಸ್‌ಡಿಯಲ್ಲಿ ಎಂಬಿಆರ್ ಇಟ್ಟು ವಿಂಡೋಸ್, 4 ಟಿಬಿಯನ್ನು ಜಿಪಿಟಿ ಮಾಡಿ ಬರೀ ಡೇಟಾಕ್ಕೆ. ಇನ್‌ಸ್ಟಾಲ್ ಮಾಡುವಾಗ ದೊಡ್ಡ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂರಬಹುದು. ಆಮೇಲೆ 4 ಟಿಬಿಯ ಬದಲು 1678 ಜಿಬಿ ಮಾತ್ರ ಕಂಡರೆ (3 ಟಿಬಿಯಾದರೆ 746) ಡಿಸ್ಕ್ ನಡೆಸುವ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ 10.1ಕ್ಕಿಂತ ಹಳೆಯದೇ ನೋಡಿ. ಡ್ರೈವರ್ ಬದಲಿಸುವವರೆಗೆ ಅದರ ಮೇಲೆ ಏನನ್ನೂ ಬರೆಯಬೇಡಿ. 2 ಟಿಬಿ ದಾಟಿದ ಬರಹ ಸುತ್ತು ಹಾಕಿ ಡಿಸ್ಕ್‌ನ ಮೊದಲ ಭಾಗವನ್ನೇ ತಿನ್ನುವ ಅಪಾಯವಿದೆ.

ಮೂರನೆಯ ದಾರಿ ಲಿನಕ್ಸ್. ಅದಕ್ಕೆ ಯುಇಎಫ್‌ಐ ಹಂಗಿಲ್ಲ. ಜಿಪಿಟಿ ಡಿಸ್ಕ್‌ನಲ್ಲಿ 1 ಎಂಬಿಯ ಬಯಾಸ್ ಬೂಟ್ ಪಾರ್ಟಿಶನ್ ಮಾಡಿದರೆ ಲಿನಕ್ಸನ್ನು ಎಬ್ಬಿಸುವ ಗ್ರಬ್ ಅಲ್ಲಿ ಕೂರುತ್ತದೆ. ಮೋಸ ಇರುವುದು ಮುಂದೆ. ಇಡೀ ಡಿಸ್ಕ್ ಒಂದೇ ಪಾರ್ಟಿಶನ್ ಆಗಿದ್ದರೆ ಮೊದಲು ಚೆನ್ನಾಗಿಯೇ ಏಳುತ್ತದೆ. ತಿಂಗಳುಗಳ ನಂತರ ಒಂದು ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ 2 ಟಿಬಿ ಆಚೆ ಹೋಗಿ ಬೀಳುತ್ತದೆ, ಹಳೆಯ ಬಯಾಸ್‌ಗೆ ಅಲ್ಲಿಯವರೆಗೆ ಕೈ ಎಟುಕುವುದಿಲ್ಲ. ‘ಡಿಸ್ಕ್‌ನ ಆಚೆ ಓದಲು ಹೋಗಿದ್ದೀರಿ’ ಎಂಬರ್ಥದ ತಪ್ಪು ತೋರಿಸಿ ಗ್ರಬ್ ನಿಲ್ಲುತ್ತದೆ. ಡಿಸ್ಕ್‌ನ ಆರಂಭದಲ್ಲೇ 1 ಜಿಬಿಯ ಪ್ರತ್ಯೇಕ ಬೂಟ್ ಪಾರ್ಟಿಶನ್ ಇಟ್ಟರೆ ಈ ಕಾಟವಿಲ್ಲ. ಆದರೆ ಎಡಿಟಿಂಗ್ ಸಾಫ್ಟ್‌ವೇರ್ ವಿಂಡೋಸ್‌ನದಾದರೆ ಈ ದಾರಿ ಸ್ಟುಡಿಯೋಕ್ಕೆ ಉಪಯೋಗವಿಲ್ಲ. ಫೈಲ್ ಸರ್ವರ್‌ಗೆ ಮಾತ್ರ ಸರಿ.

ಯಾವ ದಾರಿಯಾದರೂ, ಕ್ಲೋನ್ ಮಾಡಲು ಹಳೆಯ ಯುಎಸ್‌ಬಿ ಡಾಕ್ (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಧನ) ಬಳಸಬೇಡಿ. ಕೆಲವು ಡಾಕ್‌ಗಳು ಸೆಕ್ಟರ್ 4096 ಬೈಟ್ ಎಂದು ಸುಳ್ಳು ಹೇಳುತ್ತವೆ. ಆ ಡಿಸ್ಕನ್ನು ನೇರ ಸಾಟಾಗೆ ಹಾಕಿದಾಗ ಪಾರ್ಟಿಶನ್ ಒಂದೂ ಕಾಣುವುದಿಲ್ಲ. ಡೇಟಾ ಹೋಗಿರುವುದಿಲ್ಲ. ಫಾರ್ಮ್ಯಾಟ್ ಮಾಡದೆ ಮತ್ತೆ ಅದೇ ಡಾಕ್‌ಗೆ ಹಾಕಿ ನಕಲು ತೆಗೆದುಕೊಳ್ಳಿ.