ಸೈಟಿನ ಹಾಜರಿ ಪುಸ್ತಕ ಮತ್ತು ನಮ್ಮ ಲೇಬರ್ ಕನ್ಸಲ್ಟೆಂಟ್: ಮೂರು ವರ್ಷದ ಅನುಭವ

ಹುಬ್ಬಳ್ಳಿಯಲ್ಲಿ ಕಟ್ಟಡದ ಸಬ್‌ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಗೌಂಡಿ, ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವವರು), ಬಾರ್ ಬೆಂಡಿಂಗ್ (ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವವರು) ಎಲ್ಲ ಸೇರಿ 30–40 ಮಂದಿ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ), ರಿಜಿಸ್ಟರ್‌ಗಳ ಕೆಲಸವನ್ನು 2023ರ ಏಪ್ರಿಲ್‌ನಲ್ಲಿ ಊರಿನದೇ ಒಂದು ಕನ್ಸಲ್ಟೆನ್ಸಿಗೆ ಒಪ್ಪಿಸಿದೆ, ತಿಂಗಳಿಗೆ 4,500 ರೂಪಾಯಿ. ಈ ಹಣ ಕಟ್ಟಿದ ಚಲನ್ ಲಗತ್ತಿಸದಿದ್ದರೆ ಮುಖ್ಯ ಗುತ್ತಿಗೆದಾರರು ಆರ್‌ಎ ಬಿಲ್ (ಮುಗಿದಷ್ಟು ಕೆಲಸಕ್ಕೆ ಆಗಾಗ ಹಾಕುವ ಬಿಲ್) ಮುಟ್ಟುತ್ತಿರಲಿಲ್ಲ, ಅದಕ್ಕೇ ಹೋದದ್ದು. ಇಂದಿಗೂ ಅವರನ್ನು ಬಿಡದಿರುವುದಕ್ಕೆ ಕಾರಣ ಬೇರೆ.

ಮೊದಲ ತಿಂಗಳಲ್ಲೇ ಅಲ್ಲಿನ ಮೇಡಂ ನಮ್ಮ ಹಾಜರಿ ಪುಸ್ತಕ ತೆರೆದು ನೋಡಿ ವಾಪಸ್ ಕೊಟ್ಟರು. ನಮ್ಮ ಮುಕಾದಮ (ಆಳುಗಳ ಮೇಸ್ತ್ರಿ) ‘ಗೌಂಡಿ 6, ಹೆಣ್ಣಾಳು 9’ ಎಂದು ಬರೀ ತಲೆಯೆಣಿಕೆ ಬರೆದಿದ್ದ. “ಹೆಸರs ಇಲ್ಲಂದ್ರ ಯಾರ ಖಾತೇಕ ರೊಕ್ಕ ಕಟ್ಟಲಿರೀ?” ಎಂದರು. ಅಂದಿನಿಂದ ಹೊಸಬರು ಬಂದ ದಿನವೇ ಅವರ ಆಧಾರ್, ಪಾಸ್‌ಬುಕ್ ಫೋಟೊ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಶನಿವಾರ ಬಟವಡೆಗೆ ಮುಂಚೆ ವಾರದ ಹಾಜರಿ, ಹೆಸರು ಸಮೇತ.

ಇದರ ಬೆಲೆ ತಿಳಿದದ್ದು 2024ರ ಮಳೆಗಾಲದಲ್ಲಿ. ರಾಯಾಪುರದ ಸೈಟಿನಲ್ಲಿ ಒಬ್ಬ ಬಾರ್ ಬೆಂಡರ್ ಜಾರಿ ಬಿದ್ದು ಕಾಲು ಮುರಿದುಕೊಂಡ. ಕೆಲಸಕ್ಕೆ ಸೇರಿ ಹನ್ನೊಂದೇ ದಿನ. ಆದರೆ ಅವನ ಇಎಸ್‌ಐ ನಂಬರು ಆಗಲೇ ಆಗಿತ್ತು. ಕೆಲಸದ ವೇಳೆ ಆದ ಗಾಯಕ್ಕೆ ‘ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು’ ಎಂಬ ಷರತ್ತಿಲ್ಲ. ಚಿಕಿತ್ಸೆಯ ಜೊತೆಗೆ ಕೆಲಸಕ್ಕೆ ಬರಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 90 ಸಿಗುತ್ತದೆ. ಅಪಘಾತದ ವರದಿಯನ್ನು ಮೇಡಂ ಅದೇ ರಾತ್ರಿ ಆನ್‌ಲೈನ್‌ನಲ್ಲಿ ಹಾಕಿದರು. ಇಎಸ್‌ಐಗೆ ಕೆಲಸಗಾರರಿಂದ ಹೋಗುವುದು ಶೇ 0.75, ನಮ್ಮಿಂದ ಶೇ 3.25. “ಪಗಾರದಾಗ ಯಾಕ ಮುರೀತೀರಿ?” ಎಂದು ಪ್ರತಿ ವಾರ ತಕರಾರು ಮಾಡುತ್ತಿದ್ದವರೇ ಮರುದಿನ ಬಂದು, “ನಮ್ಮ ನಂಬರ್ ಆಗೇತೇನ್ರೀ?” ಎಂದು ಕೇಳಿದರು.

ಇನ್ನು ದೂರುಗಳು. ಪಿಎಫ್ ಮರುತಿಂಗಳ 15ರೊಳಗೆ ಕಟ್ಟಬೇಕು. 2025ರಲ್ಲಿ ಒಮ್ಮೆ ನಾನು 10ಕ್ಕೇ ಹಣ ಕಳಿಸಿದ್ದರೂ ಇವರು ಕಟ್ಟಿದ್ದು 24ಕ್ಕೆ. ತಡವಾದರೆ ವರ್ಷಕ್ಕೆ ಶೇ 12ರ ಲೆಕ್ಕದಲ್ಲಿ ಬಡ್ಡಿ, ಅದರ ಮೇಲೆ ದಂಡ. ನೋಟಿಸ್ ಬರುವುದು ಮಾಲೀಕನ ಹೆಸರಿಗೇ. ವಾದ ಮಾಡಿದ ಮೇಲೆ ಆ ಹಣ ಅವರೇ ಭರಿಸಿದರು, ನಿಜ. ಆದರೆ ಅವರು ತಡಮಾಡಿ ಕಟ್ಟಿದ್ದರಲ್ಲಿ ನಮ್ಮ ಜನರ ಕೂಲಿಯಿಂದ ಮುರಿದ ದುಡ್ಡಿತ್ತು. ಈಗ ಚಲನ್ ಅವರು ತಯಾರಿಸುತ್ತಾರೆ, ಹಣ ನಾನೇ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟುತ್ತೇನೆ. ಕನ್ಸಲ್ಟೆಂಟ್ ಯಾರೇ ಇರಲಿ, ನೀವೂ ಹೀಗೇ ಮಾಡಿ.

ಎರಡನೆಯದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ಬಿಲ್ಲಿನಲ್ಲಿ ಶೇ 1 ಸೆಸ್ (ಮಂಡಳಿಗೆ ಹೋಗುವ ಸುಂಕ) ಕಡಿತವಾದರೆ ಕೆಲಸಗಾರರ ಹೆಸರು ತಾನಾಗಿ ಮಂಡಳಿಗೆ ಸೇರುತ್ತದೆ ಎಂದು ನಾನೂ ನಂಬಿದ್ದೆ. ಹಾಗಿಲ್ಲ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ತಾವೇ ಅರ್ಜಿ ಹಾಕಬೇಕು. ಆ 90 ದಿನಕ್ಕೆ ಸಹಿ ಮಾಡುವಾಗ ನನಗಿರುವ ಆಧಾರ ಅದೇ ಹಾಜರಿ ಪುಸ್ತಕ. ಒಮ್ಮೆಯೂ ಇಟ್ಟಿಗೆ ಹೊರದವರಿಗೆ ಮಂಡಳಿಯ ಕಾರ್ಡ್ ಇದ್ದು, ಹದಿನೈದು ವರ್ಷದಿಂದ ಬುಟ್ಟಿ ಹೊತ್ತ ನಮ್ಮ ಹೆಣ್ಣುಮಗಳಿಗೆ ಇಲ್ಲದ್ದು ನೋಡಿ ಹೊಟ್ಟೆ ಉರಿಯಿತು. ಇದನ್ನು ಕನ್ಸಲ್ಟೆನ್ಸಿಯವರು ಒಮ್ಮೆಯೂ ಹೇಳಿರಲಿಲ್ಲ, ‘ಪ್ಯಾಕೇಜಿನಲ್ಲಿ ಇಲ್ಲ’ ಎಂದರು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂದು ತಕ್ಷಣ ತಿಳಿಸಿದರು. ಮೆಚ್ಚಿದೆ. ಆದರೆ ಕಳಿಸಿದ ನಮೂನೆ ಪೂರ್ತಿ ಇಂಗ್ಲಿಷ್. ಕೊಪ್ಪಳದ ಗೌಂಡಿಗೂ ಬಿಹಾರದ ಸೆಂಟ್ರಿಂಗ್ ಹುಡುಗನಿಗೂ ಓದಲು ಬಾರದ ಪತ್ರ ಕೊಟ್ಟು ಏನು ಪ್ರಯೋಜನ? ಕನ್ನಡ, ಹಿಂದಿಯಲ್ಲಿ ನಾನೇ ಮಾಡಿಸಿದೆ.

5ಕ್ಕೆ 3.5 ಅಂಕ. ಈ ಏಪ್ರಿಲ್‌ನಿಂದ 6,000 ಕೇಳಿದ್ದಾರೆ. ಮಂಡಳಿಯ ನೋಂದಣಿ, ನವೀಕರಣ ಎರಡನ್ನೂ ಸೇರಿಸಿದರೆ ಕೊಡುತ್ತೇನೆಂದು ಬರೆದುಕೊಟ್ಟೆ. ಒಪ್ಪಿದ್ದಾರೆ. ಮೊದಲ ಅರ್ಜಿ ಆ ಬುಟ್ಟಿ ಹೊರುವ ಅಕ್ಕನದು.