ಹಳೆಯ ಗೊಂಬೆ ಕೊಳ್ಳಲು ಮೇಳವೋ, ಆನ್‌ಲೈನ್ ಮಾರುಕಟ್ಟೆಯೋ, ಹರಾಜು ಸಂಸ್ಥೆಯೋ?

ಸಂಗ್ರಾಹಕರ ಗೊಂಬೆಗಳನ್ನು ಮೇಳದಲ್ಲಿ, ಈಬೇಯಂತಹ ಆನ್‌ಲೈನ್ ಮಾರುಕಟ್ಟೆಯಲ್ಲಿ ಹಾಗೂ ಹರಾಜು ಸಂಸ್ಥೆಗಳಲ್ಲಿ ಕೊಂಡು ನೋಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಯಾವುದು ಮೇಲು ಎಂಬುದನ್ನು ಬೆಲೆಗಿಂತ ಹೆಚ್ಚಾಗಿ ಗೊಂಬೆ ಯಾವುದರಿಂದ ಮಾಡಿದ್ದು ಎಂಬುದೇ ನಿರ್ಧರಿಸುತ್ತದೆ.

ಬಿಸ್ಕ್, ಅಂದರೆ ಹೊಳಪಿಲ್ಲದ ಪಿಂಗಾಣಿಯ ತಲೆಯುಳ್ಳ ಹಳೆಯ ಜರ್ಮನ್ ಮತ್ತು ಫ್ರೆಂಚ್ ಗೊಂಬೆಗಳಿಗೆ ಮೇಳಕ್ಕೆ ಸಮನಾದುದಿಲ್ಲ. ಕೂದಲೆಳೆಯಂಥ ಒಂದು ಬಿರುಕಿದ್ದರೂ ಇವುಗಳ ಬೆಲೆ ಬಹಳ ಇಳಿಯುತ್ತದೆ. ವ್ಯಾಪಾರಿಯನ್ನು ಕೇಳಿಕೊಂಡು ವಿಗ್ ಸರಿಸಿ, ತಲೆಯೊಳಗೆ ಸಣ್ಣ ಟಾರ್ಚ್ ಹಿಡಿದರೆ ಪಿಂಗಾಣಿ ಒಳಗಿನಿಂದ ಮಂದವಾಗಿ ಬೆಳಗಿ, ಹೊರಗೆ ಕಾಣದ ಬಿರುಕು ಕಪ್ಪು ಗೆರೆಯಾಗಿ ಮೂಡುತ್ತದೆ. ಕತ್ತಿನ ಹಿಂಬದಿಯ ಅಚ್ಚಿನ ಸಂಖ್ಯೆಯನ್ನೂ ಅಲ್ಲಿಯೇ ಓದಬಹುದು. ಅರ್ಮಾಂಡ್ ಮಾರ್ಸೇಯ್ ಕಂಪನಿಯ 390 ಎಂದಿದ್ದರೆ, ಅದು ಹೇರಳವಾಗಿ ತಯಾರಾದ ಗೊಂಬೆಯಾದ್ದರಿಂದ, ಅಪರೂಪದ್ದೆಂಬ ಮಾತಿಗೆ ಮರುಳಾಗಬೇಕಿಲ್ಲ. ಇದೇ ರೀತಿ ಬೆಳಕು ಹಿಡಿದು ತೆಗೆದ ಚಿತ್ರವನ್ನು ಆನ್‌ಲೈನ್ ಮಾರಾಟಗಾರರೊಬ್ಬರಲ್ಲಿ ಕೇಳಿದಾಗ, ವಿಗ್ ತೆಗೆಯಲು ತಮಗೆ ಧೈರ್ಯವಿಲ್ಲ ಎಂಬ ಉತ್ತರ ಬಂತು.

ವಿನೈಲ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ಕಿನ ಗೊಂಬೆಗಳ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. 1959ರಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಕಾಣಿಸಿಕೊಂಡ ಬಾರ್ಬಿಯ ನಂತರದ ಮಾದರಿಗಳು ಆನ್‌ಲೈನಿನಲ್ಲಿ ಡಜನ್‌ಗಟ್ಟಲೆ ಸಿಗುವುದಲ್ಲದೆ, ಹಿಂದೆ ಎಷ್ಟಕ್ಕೆ ಮಾರಾಟವಾದವು ಎಂಬುದೂ ತಿಳಿಯುತ್ತದೆ. ಆದರೆ ಬೆನ್ನಿನ ಕೆಳಗಿರುವ 1966 ಎಂಬ ಅಂಕಿಯನ್ನು ತಯಾರಿಕೆಯ ವರ್ಷವೆಂದು ಬರೆಯುವವರು ಅಲ್ಲಿ ಬಹಳ ಮಂದಿ. ಅದು ಹಕ್ಕುಸ್ವಾಮ್ಯದ ವರ್ಷ, ದಶಕಗಳ ನಂತರದ ಗೊಂಬೆಗಳ ಮೇಲೂ ಇದೆ. ಲೋಹದ ಓಲೆಯಿಂದ ಕಿವಿಯ ಸುತ್ತ ಹಸಿರುಗಟ್ಟಿದ್ದರೆ ಹತ್ತಿರದ ಚಿತ್ರದಲ್ಲಿ ಗೊತ್ತಾಗುತ್ತದೆ. ಸಿಗರೇಟು ಹೊಗೆಯ ವಾಸನೆ ಮಾತ್ರ ಪೆಟ್ಟಿಗೆ ಬಿಚ್ಚುವವರೆಗೂ ಗೊತ್ತಾಗುವುದಿಲ್ಲ.

ಹರಾಜು ಸಂಸ್ಥೆಗಳ ವಿವರಣೆ ಹೆಚ್ಚು ನಂಬಲರ್ಹ, ಆದರೆ ಕೂಗಿದ ಬೆಲೆಯ ಮೇಲೆ ಖರೀದಿದಾರರು ಸಂಸ್ಥೆಗೆ ಕೊಡಬೇಕಾದ ಕಮಿಷನ್ ಬೇರೆ ಸೇರುತ್ತದೆ. ದುಬಾರಿ ಗೊಂಬೆಗಲ್ಲದೆ ಅದು ಹೊಂದುವುದಿಲ್ಲ.

ಹೀಗಿದ್ದೂ ಮೇಳಗಳೇ ಸೊರಗುತ್ತಿರುವುದಕ್ಕೆ ಕಾರಣ, ನನ್ನ ಅಭಿಪ್ರಾಯದಲ್ಲಿ, ಅಪರೂಪದ ಗೊಂಬೆಗಳ ಅಭಾವವಲ್ಲ. ಮೇಳದಲ್ಲಿ ವ್ಯಾಪಾರಿಗಳು ಕೊಡುವ ಮೇಜಿನ ಬಾಡಿಗೆ ಹುಟ್ಟುತ್ತಿದ್ದುದು ಸಾಧಾರಣ ಸರಕಿನ ಮಾರಾಟದಿಂದ. 1995ರಲ್ಲಿ ಈಬೇ ಆರಂಭವಾದ ಮೇಲೆ ಆ ಸರಕು ಕ್ರಮೇಣ ಅತ್ತ ಹರಿಯಿತು. ಸಂಗ್ರಹಕ್ಕೆಂದು ಕೊಂಡಿಟ್ಟ ಸರಕೂ ಮೇಳಗಳ ಕೈಹಿಡಿಯಲಿಲ್ಲ: 1988ರಲ್ಲಿ ಶುರುವಾದ ಹಾಲಿಡೇ ಬಾರ್ಬಿ ಸರಣಿಯನ್ನು ಮುಂದೆ ಬೆಲೆ ಏರುತ್ತದೆಂದು ಅಸಂಖ್ಯ ಜನ ಪೆಟ್ಟಿಗೆ ಒಡೆಯದೆ ಇಟ್ಟುಕೊಂಡರು, ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಏರಲಿಲ್ಲ. ಹಿರಿಯ ವ್ಯಾಪಾರಿಗಳು ನಿವೃತ್ತರಾಗುತ್ತಿದ್ದಾಗಲೇ 2020ರ ಕೋವಿಡ್ ಬಂದು ಸಭಾಂಗಣಗಳ ಬಾಗಿಲು ಮುಚ್ಚಿಸಿತು.

ಸದ್ಯ ನಾನು ಪೆಟ್ಟಿಗೆಯಲ್ಲಿರುವ ವಿನೈಲನ್ನು ಆನ್‌ಲೈನಿನಲ್ಲಿ ಕೊಳ್ಳುತ್ತೇನೆ, ಬಿಸ್ಕ್ ಗೊಂಬೆಗಾಗಿ ಮೇಳಕ್ಕೆ ಕಾಯುತ್ತೇನೆ. ಇನ್ನೊಂದು ಕಾರಣವೂ ಇದೆ: ಸಡಿಲವಾದ ಕೈಕಾಲುಗಳಿಗೆ ಹೊಸ ಎಲಾಸ್ಟಿಕ್ ಪೋಣಿಸುವ, ಮುಚ್ಚಿ ತೆರೆಯುವ ಕಣ್ಣನ್ನು ಮತ್ತೆ ಕೂರಿಸುವ ಕುಶಲಕರ್ಮಿಗಳು ಈ ಮೇಳಗಳ ಮೂಲೆಯಲ್ಲಿ ಕುಳಿತಿರುತ್ತಾರೆ, ಮತ್ತು ಬಿಸ್ಕ್ ತಲೆಯನ್ನು ಅಂಚೆಗೆ ಹಾಕಿ ದುರಸ್ತಿ ಮಾಡಿಸುವ ಎದೆಗಾರಿಕೆ ನನಗಿಲ್ಲ.